ಬಿಸಿನೀರಿನ ಕೊಳವೆ ಏಕೆ ಬಡಿದುಕೊಳ್ಳುತ್ತದೆ? – ಒಂದು ಸದ್ದಿನ ಚರಿತ್ರೆ

ಚಳಿಗಾಲ ಬಂತೆಂದರೆ, ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಒಂದು ದೂರು ತಪ್ಪದೆ ಇರುತ್ತದೆ. "ಸರ್, ರಾತ್ರಿ ಮಲಗಿದ ಮೇಲೆ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು ಬರುತ್ತದೆ. ಮಕ್ಕಳು ಹೆದರಿ ಏಳುತ್ತಾರೆ. ಮನೆ ಬಿಸಿ ಮಾಡುವ ಕೊಳವೆಗಳದ್ದೇ ಸದ್ದು ಎನ್ನುತ್ತಾರೆ. ಇದು ಅಪಾಯವೇ?" ಎಂಬುದು ಆ ದೂರು. ಊರಿನಲ್ಲಿರುವ ನಮ್ಮ ಬಂಧುಗಳ ಮನೆಗಳಲ್ಲಿಯೂ ಗೀಸರ್ ಗುಡುಗುಡು ಎನ್ನುವುದನ್ನು, ನಲ್ಲಿ ನಿಲ್ಲಿಸಿದೊಡನೆ ಕೊಳವೆ ಢಣ್ ಎನ್ನುವುದನ್ನು ಕೇಳಿದ್ದೇನೆ. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವುದಕ್ಕಿಂತ ಒಂದು ಲೇಖನವನ್ನೇ ಬರೆಯುವುದು ಲೇಸೆಂದು ತೋರಿತು.

ಬರೆಯಲು ಇನ್ನೊಂದು ಕಾರಣವೂ ಉಂಟು. ಈ ಸದ್ದಿಗೆ ಇನ್ನೂರೈವತ್ತು ವರ್ಷಗಳ ಸ್ವಾರಸ್ಯವಾದ ಚರಿತ್ರೆಯಿದೆ. ಜನರೆಲ್ಲ ಕಿರಿಕಿರಿ ಎಂದು ಬೈದುಕೊಂಡ ಸದ್ದನ್ನು ಕೆಲವರು ಮಾತ್ರ ಕಿವಿಗೊಟ್ಟು ಆಲಿಸಿದರು. ಹಾಗೆ ಆಲಿಸಿದವರಿಂದ ಜಗತ್ತಿಗೆ ಒಂದು ಪಂಪು, ಒಂದು ಸೂತ್ರ, ನೀರಿನ ಗುಳ್ಳೆಯ ಕುರಿತ ಒಂದು ಶಾಸ್ತ್ರ ದೊರೆತವು. ಆಲಿಸದೆ ಹೋದಾಗ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಮುಖ್ಯವಾದ ಮಾತೆಂದರೆ, ಕೊಳವೆಯ ಸದ್ದು ಒಂದೇ ಬಗೆಯದಲ್ಲ. ಅದರಲ್ಲಿ ನಾಲ್ಕು ಜಾತಿಗಳಿವೆ. ಜಾತಿ ತಿಳಿದರೆ ರೋಗ ತಿಳಿದಂತೆ.

ಮೊದಲು ಹಿನ್ನೆಲೆ

ನಮ್ಮ ಸೀಮೆಯಲ್ಲಿ ಮನೆಯನ್ನು ಬಿಸಿ ಮಾಡುವ ಅಗತ್ಯವಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆಯಿಟ್ಟರೆ ನಮ್ಮ ಬಿಸಿನೀರಿನ ಕಥೆ ಮುಗಿಯಿತು. ಹಿಮ ಬೀಳುವ ದೇಶಗಳಲ್ಲಿ ಹಾಗಲ್ಲ. ನೆಲಮಾಳಿಗೆಯಲ್ಲೋ ಅಡಿಗೆಮನೆಯಲ್ಲೋ ಒಂದು ಬಾಯ್ಲರ್ ಇರುತ್ತದೆ. ಅದರಲ್ಲಿ ಕಾದ ನೀರು ಕೊಳವೆಗಳ ಮೂಲಕ ಪ್ರತಿಯೊಂದು ಕೋಣೆಗೂ ಹೋಗಿ, ರೇಡಿಯೇಟರ್ ಎಂಬ ಲೋಹದ ಪೆಟ್ಟಿಗೆಯಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು, ತಣಿದು ಮತ್ತೆ ಬಾಯ್ಲರಿಗೆ ಮರಳುತ್ತದೆ. ಅದೇ ನೀರು ಇಡೀ ಚಳಿಗಾಲ ಸುತ್ತುತ್ತಲೇ ಇರುತ್ತದೆ.

ಈ ಏರ್ಪಾಡಿನ ಮೂಲಪುರುಷರಲ್ಲಿ ಒಬ್ಬನು ಫ್ರಾನ್ಸ್ ದೇಶದ ಬೋನ್‌ಮೆಂ. 1777ರ ಸುಮಾರಿಗೆ ಅವನು ಕೊಳವೆಗಳಲ್ಲಿ ಬಿಸಿನೀರನ್ನು ಹರಿಸಿದ್ದು ಮನುಷ್ಯರಿಗಾಗಿ ಅಲ್ಲ, ಕೋಳಿಮೊಟ್ಟೆಗಳಿಗೆ ಕಾವು ಕೊಡಲು! ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ ಎಂದು ನೀವೆಲ್ಲ ಪ್ರೌಢಶಾಲೆಯಲ್ಲಿ ಕಲಿತ ಸಂವಹನ ಕ್ರಿಯೆಯೇ ಅವನ ಪಂಪು. 1831ರಲ್ಲಿ ಲಂಡನ್ನಿನಲ್ಲಿದ್ದ ಪರ್ಕಿನ್ಸ್ ಎಂಬಾತನು ಸಣ್ಣ ವ್ಯಾಸದ ಮುಚ್ಚಿದ ಕೊಳವೆಗಳಲ್ಲಿ ಅಧಿಕ ಒತ್ತಡದ ನೀರನ್ನು ಸುತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. 1850ರ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಾನ್ ಗಲ್ಲಿ ಎಂಬ ಉದ್ಯಮಿಯು ಎರಕದ ಕಬ್ಬಿಣದ ರೇಡಿಯೇಟರನ್ನು ರೂಪಿಸಿದನು. ಅಮೆರಿಕದ ಊರುಗಳಲ್ಲಿ ನೀರಿಗೆ ಬದಲು ಆವಿಯನ್ನೇ ಕೋಣೆಗಳಿಗೆ ಕಳುಹಿಸುವ ಪದ್ಧತಿಯೂ ಹರಡಿತು. ಶಾಖದ ಜೊತೆಯಲ್ಲೇ ಸದ್ದೂ ಮನೆಯನ್ನು ಹೊಕ್ಕಿತು.

ಮೊದಲನೆಯ ಸದ್ದು: ನಲ್ಲಿ ನಿಲ್ಲಿಸಿದಾಗ ಬೀಳುವ ಏಟು

ಇದಕ್ಕೆ ಇಂಗ್ಲಿಷಿನಲ್ಲಿ ವಾಟರ್ ಹ್ಯಾಮರ್ ಎಂದು ಹೆಸರು. ನಾವು ಜಲಾಘಾತ ಎನ್ನೋಣ. ವೇಗವಾಗಿ ಹೋಗುತ್ತಿದ್ದ ಬಸ್ಸಿಗೆ ಚಾಲಕನು ಥಟ್ಟನೆ ಬ್ರೇಕ್ ಹಾಕಿದರೆ ನಿಂತ ಪ್ರಯಾಣಿಕರೆಲ್ಲ ಮುಂದಕ್ಕೆ ಮುಗ್ಗರಿಸುವ ಉದಾಹರಣೆಯನ್ನು ಜಡತ್ವದ ಪಾಠದಲ್ಲಿ ಕೊಡುತ್ತಿದ್ದೆನಷ್ಟೆ. ಕೊಳವೆಯಲ್ಲಿ ಹರಿಯುವ ನೀರಿಗೂ ಅದೇ ಗತಿ. ನಲ್ಲಿಯನ್ನು ಥಟ್ಟನೆ ಮುಚ್ಚಿದರೆ, ಹಿಂದಿನಿಂದ ಬರುತ್ತಿರುವ ಉದ್ದನೆಯ ನೀರಿನ ಸ್ತಂಭವೆಲ್ಲ ಆ ಮುಚ್ಚಿದ ಬಾಗಿಲಿಗೆ ಬಂದು ಅಪ್ಪಳಿಸುತ್ತದೆ. ಗಾಳಿಯಾದರೆ ಕುಗ್ಗಿ ಏಟನ್ನು ನುಂಗಿಕೊಳ್ಳುತ್ತಿತ್ತು. ನೀರು ಕುಗ್ಗುವುದು ಅತ್ಯಲ್ಪ. ಆದ್ದರಿಂದ ಒತ್ತಡ ಒಮ್ಮೆಲೇ ಏರಿ, ಸಡಿಲವಾಗಿರುವ ಕೊಳವೆ ಗೋಡೆಗೋ ತೊಲೆಗೋ ಬಡಿಯುತ್ತದೆ.

ಈ ಏಟಿನಲ್ಲಿ ಶಕ್ತಿಯಿದೆ ಎಂಬುದನ್ನು ಗುರುತಿಸಿ ದುಡಿಸಿಕೊಂಡವನು ಇಂಗ್ಲೆಂಡಿನ ಡರ್ಬಿ ಪಟ್ಟಣದ ಗಡಿಯಾರ ತಯಾರಕ ಜಾನ್ ವೈಟ್‌ಹರ್ಸ್ಟ್. 1772ರಲ್ಲಿ ಚೆಷೈರ್ ಪ್ರಾಂತ್ಯದ ಔಲ್ಟನ್ ಎಂಬಲ್ಲಿನ ದೊಡ್ಡ ಮನೆಯೊಂದರಲ್ಲಿ ಅವನು ಮಾಡಿದ ಏರ್ಪಾಡು ಬಹಳ ಚಮತ್ಕಾರದ್ದು. ಎತ್ತರದ ತೊಟ್ಟಿಯೊಂದರಿಂದ ಅಡಿಗೆಮನೆಯ ನಲ್ಲಿಗೆ ಸುಮಾರು 200 ಗಜ ಉದ್ದದ ಕೊಳವೆ ಬರುತ್ತಿತ್ತು. ಕೆಲಸದವರು ದಿನವಿಡೀ ಆ ನಲ್ಲಿಯನ್ನು ತೆರೆದು ಮುಚ್ಚುತ್ತಿದ್ದರು. ವೈಟ್‌ಹರ್ಸ್ಟನು ನಲ್ಲಿಯ ಹತ್ತಿರ ಒಂದು ಕವಾಟವನ್ನೂ ಗಾಳಿಯ ಪಾತ್ರೆಯನ್ನೂ ಜೋಡಿಸಿದನು. ನಲ್ಲಿ ಮುಚ್ಚಿದಾಗಲೆಲ್ಲ ಬೀಳುವ ಏಟಿನಿಂದ ಸ್ವಲ್ಪ ನೀರು ಕವಾಟವನ್ನು ದಾಟಿ ಮೇಲಿದ್ದ ಇನ್ನೊಂದು ತೊಟ್ಟಿಗೆ ಏರಿತು. ಪಾತ್ರೆ ತೊಳೆಯುವವರು ತಮಗೇ ಅರಿವಿಲ್ಲದೆ ಮನೆಯ ಬಿಯರ್ ತಯಾರಿಕೆಗೆ ನೀರು ಸೇದಿಕೊಡುತ್ತಿದ್ದರು! 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ವಿವರಣೆ ಅಚ್ಚಾಯಿತು.

ಮನುಷ್ಯನ ಕೈಯೂ ಬೇಡವೆಂದು ತೋರಿಸಿದವನು ಜೋಸೆಫ್ ಮಾಂಟ್‌ಗಾಲ್ಫಿಯರ್. 1783ರಲ್ಲಿ ತಮ್ಮನೊಡನೆ ಬಿಸಿಗಾಳಿಯ ಬಲೂನನ್ನು ಹಾರಿಸಿದ ಮಹನೀಯನೇ ಇವನು. 1796ರಲ್ಲಿ ತನ್ನ ಕಾಗದದ ಕಾರ್ಖಾನೆಗೆ ನೀರೆತ್ತಲು, ಹರಿಯುವ ನೀರಿನ ನೂಕಿನಿಂದ ತಾನಾಗಿಯೇ ಮುಚ್ಚಿಕೊಂಡು, ಏಟು ಬಿದ್ದ ಮೇಲೆ ತಾನಾಗಿಯೇ ತೆರೆದುಕೊಳ್ಳುವ ಕವಾಟವನ್ನು ರಚಿಸಿದನು. ಅದೇ ಹೈಡ್ರಾಲಿಕ್ ರ್ಯಾಮ್. ಎಣ್ಣೆ ಬೇಡ, ವಿದ್ಯುತ್ತು ಬೇಡ. ಹಳ್ಳದ ನೀರಿನಲ್ಲೇ ಒಂದು ಪಾಲನ್ನು ಗುಡ್ಡದ ಮೇಲಕ್ಕೆ ಎತ್ತುತ್ತ ಹಗಲಿರುಳೂ ಟಕ್ ಟಕ್ ಎನ್ನುತ್ತಿರುತ್ತದೆ. ಆ ಟಕ್ ಎಂಬುದು ನಮ್ಮ ಗೋಡೆಯೊಳಗಿನ ಏಟಿನ ಒಡಹುಟ್ಟೇ.

ಏಟನ್ನು ಅಳೆದ ಮಾಸ್ಕೋ ನಗರ

ಏಟನ್ನು ಬಳಸಿಕೊಂಡದ್ದಾಯಿತು. ಅದು ಎಷ್ಟು ದೊಡ್ಡದು? ಈ ಪ್ರಶ್ನೆಯನ್ನು ಗಣಿತದಿಂದ ಬಿಡಿಸಲು ಹೊರಟವರಲ್ಲಿ ಇಟಲಿಯ ಮೆನಾಬ್ರಿಯಾ ಮೊದಲಿಗರಲ್ಲೊಬ್ಬ. 1858ರಲ್ಲಿ ಅವನು ಬರೆದ ಪ್ರಬಂಧ ಕೊಳವೆಯ ಸ್ಥಿತಿಸ್ಥಾಪಕತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮುಂದೆ 1867ರಲ್ಲಿ ಅವನು ಇಟಲಿಯ ಪ್ರಧಾನಮಂತ್ರಿಯೂ ಆದನು. ಪ್ರಧಾನಮಂತ್ರಿಯಾಗುವವನೊಬ್ಬ ಕೊಳವೆಯ ಸದ್ದಿನ ಬಗ್ಗೆ ಚಿಂತಿಸಿದ್ದ ಕಾಲವದು!

ಆದರೆ ನಿರ್ಣಾಯಕವಾದ ಪ್ರಯೋಗ ನಡೆದದ್ದು ಮಾಸ್ಕೋದಲ್ಲಿ. ಅಲ್ಲಿಯ ನೀರು ಸರಬರಾಜಿನ ಕೊಳವೆಗಳಲ್ಲಿ ಜಲಾಘಾತದ ತೊಂದರೆಯನ್ನು ಅರಿಯುವ ಹೊಣೆ ಪ್ರಾಧ್ಯಾಪಕ ಝುಕೋವ್‌ಸ್ಕಿಯವರ ಪಾಲಿಗೆ ಬಂತು. ರಷ್ಯದ ವಿಮಾನಶಾಸ್ತ್ರದ ಪಿತಾಮಹರೆಂದು ಮುಂದೆ ಹೆಸರಾದವರು ಇವರೇ. 1897–98ರಲ್ಲಿ ಅವರು ನಗರದ ಪಂಪುಮನೆಯೊಂದರ ಆವರಣದಲ್ಲಿ 2, 4 ಮತ್ತು 6 ಅಂಗುಲ ವ್ಯಾಸದ, ನೂರಾರು ಮೀಟರ್ ಉದ್ದದ ಕೊಳವೆಗಳನ್ನು ಹಾಸಿ, ಕವಾಟವನ್ನು ಥಟ್ಟನೆ ಮುಚ್ಚಿ, ಏರುವ ಒತ್ತಡವನ್ನು ದಾಖಲಿಸಿದರು.

ಅವರು ಕಂಡುಕೊಂಡ ಸತ್ಯ ಸರಳವಾದುದು. ಒತ್ತಡದ ಏರಿಕೆಯು ನೀರಿನ ಸಾಂದ್ರತೆ, ಕೊಳವೆಯೊಳಗೆ ಒತ್ತಡದ ಅಲೆ ಸಾಗುವ ವೇಗ, ನಿಂತುಹೋದ ಹರಿವಿನ ವೇಗ – ಈ ಮೂರರ ಗುಣಲಬ್ಧ. ಲೆಕ್ಕ ಮಾಡಿ ನೋಡಿ. ಲೋಹದ ಕೊಳವೆಯಲ್ಲಿ ಅಲೆಯ ವೇಗವನ್ನು ಸೆಕೆಂಡಿಗೆ ಸುಮಾರು 1250 ಮೀಟರ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ ಒಂದೇ ಒಂದು ಮೀಟರ್ ವೇಗದಲ್ಲಿ, ಎಂದರೆ ನಡೆದಾಡುವ ಮನುಷ್ಯನಿಗಿಂತ ನಿಧಾನವಾಗಿ ಹರಿಯುವ ನೀರು ಥಟ್ಟನೆ ನಿಂತರೆ ಒತ್ತಡವು ವಾತಾವರಣದ ಒತ್ತಡದ ಹನ್ನೆರಡು ಪಟ್ಟಿನಷ್ಟು ಹೆಚ್ಚುತ್ತದೆ! ಮನೆಯ ಕೊಳವೆಗಳು ಸಾಮಾನ್ಯವಾಗಿ ಕಾಣುವ ಒತ್ತಡ ಅದರ ಕಾಲುಭಾಗದಷ್ಟು ಮಾತ್ರ.

ಹಾಗಾದರೆ ಪ್ರತಿ ಸಲವೂ ಏಕೆ ಏಟು ಬೀಳುವುದಿಲ್ಲ? ಒತ್ತಡದ ಅಲೆ ಕೊಳವೆಯ ಇನ್ನೊಂದು ತುದಿಗೆ ಹೋಗಿ ಹಿಂದಿರುಗುವುದರೊಳಗೆ ನಲ್ಲಿ ಪೂರ್ತಿ ಮುಚ್ಚಿದರೆ ಮಾತ್ರ ಪೂರ್ಣ ಏಟು. 15 ಮೀಟರ್ ಉದ್ದದ ಕೊಳವೆಯಲ್ಲಿ ಆ ಅವಧಿ ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗ. ತಿರುಪು ತಿರುಗಿಸಿ ಮುಚ್ಚುವ ಹಳೆಯ ಹಿತ್ತಾಳೆಯ ನಲ್ಲಿ ಅಷ್ಟು ಬೇಗ ಮುಚ್ಚುತ್ತಿರಲಿಲ್ಲ. ಒಂದು ತಳ್ಳಿಗೆ ಮುಚ್ಚುವ ಇಂದಿನ ನಲ್ಲಿ, ಬಟ್ಟೆ ಒಗೆಯುವ ಯಂತ್ರದ ವಿದ್ಯುತ್ ಕವಾಟ ಇವು ಬಹುಬೇಗ ಮುಚ್ಚುತ್ತವೆ. ಸೌಕರ್ಯ ಹೆಚ್ಚಿದಷ್ಟೂ ಸದ್ದು ಹೆಚ್ಚಿತು.

ಝುಕೋವ್‌ಸ್ಕಿಯವರ ಇನ್ನೊಂದು ಸಲಹೆಯನ್ನು ನೆನೆಯಲೇಬೇಕು. ಕೊಳವೆ ಎಲ್ಲಾದರೂ ಸೋರುತ್ತಿದ್ದರೆ, ಒತ್ತಡದ ಅಲೆಯ ಗೆರೆಯಲ್ಲಿ ಅದರ ಗುರುತು ಮೂಡುತ್ತದೆ. ಅದು ಮೂಡಿದ ಸಮಯದಿಂದ ಸೋರಿಕೆ ಎಷ್ಟು ದೂರದಲ್ಲಿದೆ ಎಂದು ನೆಲ ಅಗೆಯದೆಯೇ ಹೇಳಬಹುದು. ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ರೋಗವನ್ನು ತಿಳಿದಂತೆಯೇ ಇದು.

1902ರಲ್ಲಿ ಇಟಲಿಯ ಅಲ್ಲಿಯೇವಿಯವರು ಈ ಶಾಸ್ತ್ರಕ್ಕೆ ವಿಸ್ತಾರವಾದ ಗಣಿತದ ಅಡಿಪಾಯ ಹಾಕಿದರು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತೆಂಬುದು ಒಂದು ಸೊಗಸಾದ ಕಾಕತಾಳೀಯ. ಎತ್ತರದಿಂದ ದೊಡ್ಡ ಕೊಳವೆಗಳಲ್ಲಿ ಧುಮುಕುವ ನೀರನ್ನು ಯಂತ್ರದ ಬಾಯಲ್ಲಿ ತಡೆಹಿಡಿಯುವ ಯಾವ ಜಲವಿದ್ಯುತ್ ಕೇಂದ್ರವೂ ಜಲಾಘಾತದ ಲೆಕ್ಕವನ್ನು ಬಿಡುವಂತಿಲ್ಲ. ಅಡಿಗೆಮನೆಯ ನಲ್ಲಿಗೂ ಜಲವಿದ್ಯುತ್ ಕೇಂದ್ರಕ್ಕೂ ಸೂತ್ರ ಒಂದೇ.

ಎರಡನೆಯ ಸದ್ದು: ಬಾಯ್ಲರಿನ ಗುಡುಗುಡು

ಇದು ಏಟಲ್ಲ, ಗೊಣಗಾಟ. ಉರಿ ಹತ್ತಿದಾಗ ಶುರುವಾಗಿ, ಉರಿ ಆರಿದ ಮೇಲೆ ಅಡಗುತ್ತದೆ. ಹಂಡೆಯ ಮುಂದೆ ಕುಳಿತು ಒಲೆಗೆ ಸೌದೆ ಹಾಕಿದವರಿಗೆಲ್ಲ ಇದರ ಪರಿಚಯವಿದೆ. ನೀರು ಕುದಿಯುವುದಕ್ಕೆ ಮೊದಲೇ ಸದ್ದು ಮಾಡುತ್ತದೆ. ಕುದಿ ಬಂದ ಮೇಲೆ ಆ ಸದ್ದು ಮೆತ್ತಗಾಗುತ್ತದೆ. ಏಕೆ? ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲೇರುವಾಗ ಇನ್ನೂ ತಣ್ಣಗಿರುವ ನೀರನ್ನು ಸೇರಿ ಕ್ಷಣಾರ್ಧದಲ್ಲಿ ಮತ್ತೆ ನೀರಾಗುತ್ತದೆ. ಗುಳ್ಳೆಯಿದ್ದ ಜಾಗಕ್ಕೆ ಸುತ್ತಲಿನ ನೀರು ನುಗ್ಗಿ ಡಿಕ್ಕಿ ಹೊಡೆಯುತ್ತದೆ. ಅಂಥ ಸಾವಿರಾರು ಡಿಕ್ಕಿಗಳೇ ಆ ಸದ್ದು. ನೀರೆಲ್ಲ ಕಾದ ಮೇಲೆ ಗುಳ್ಳೆ ಒಡೆಯದೆ ಮೇಲಕ್ಕೆ ಬರುವುದರಿಂದ ಸದ್ದಿನ ರೀತಿ ಬದಲಾಗುತ್ತದೆ.

ಇಂಗ್ಲೆಂಡಿನ ಪ್ರಾಧ್ಯಾಪಕ ಆಸ್‌ಬಾರ್ನ್ ರೆನಾಲ್ಡ್ಸ್ ಕೆಟಲಿನ ಈ ಸದ್ದನ್ನು ಹೀಗೆ ವಿವರಿಸಿದ್ದರು. ಅದನ್ನು ಓದಿದ ಲಾರ್ಡ್ ರೇಲಿಯವರಿಗೆ (1904ರ ನೊಬೆಲ್ ಪುರಸ್ಕೃತರು ಇವರು) ಕುತೂಹಲ ಹುಟ್ಟಿತು. ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಉಂಟಾಗಬಹುದೆಂದು ಅವರು 1917ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಆ ಹೊತ್ತಿಗೆ ವೇಗದ ಹಡಗುಗಳ ಪ್ರೊಪೆಲರುಗಳ ಹಿತ್ತಾಳೆಯನ್ನು ಏನೋ ಕೊರೆದು ತಿನ್ನುತ್ತಿತ್ತು. ಆ ಕೊರೆಯುವಿಕೆಗೆ ಕುಸಿಯುವ ಗುಳ್ಳೆಗಳೇ ಕಾರಣವೆಂಬುದನ್ನು ಅರ್ಥಮಾಡಿಕೊಳ್ಳಲು ರೇಲಿಯವರ ಲೆಕ್ಕ ಆಧಾರವಾಯಿತು. ಕೆಟಲಿನ ಸದ್ದಿನಿಂದ ಯುದ್ಧನೌಕೆಯವರೆಗೆ!

ಬಾಯ್ಲರಿನಲ್ಲಿ ಹೀಗಾಗಲು ಸಾಮಾನ್ಯ ಕಾರಣ ಗಡಸುನೀರು. ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟು ಕಾದಾಗ ಕರಗದ ಕಾರ್ಬನೇಟಾಗಿ ಬಿಸಿ ಲೋಹಕ್ಕೆ ಸುಣ್ಣದ ಪೊರೆಯಂತೆ ಅಂಟುತ್ತದೆ. ಪೊರೆಯ ಸಂದುಗಳಲ್ಲಿ ಸಿಕ್ಕಿಬಿದ್ದ ನೀರು ಅತಿಯಾಗಿ ಕಾದು ಆವಿಯಾಗುತ್ತದೆ, ಹೊರಬಂದು ಕುಸಿಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ತುಂಬಿದ ಗೀಸರ್ ಗುಡುಗುಡು ಎನ್ನುವುದು ಬಹುಮಟ್ಟಿಗೆ ಇದರಿಂದಲೇ. ಆದರೆ ಅಮೆರಿಕ, ಇಂಗ್ಲೆಂಡಿನ ಮಕ್ಕಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನೆ ಬಿಸಿ ಮಾಡುವ ಏರ್ಪಾಡಿನಲ್ಲಿ ಅದೇ ನೀರು ಸುತ್ತುತ್ತಿದ್ದರೆ ಸುಣ್ಣ ಒಮ್ಮೆ ಮಾತ್ರ ಕೂರಬೇಕು. ಪೊರೆ ಬೆಳೆಯುತ್ತಲೇ ಇದೆಯೆಂದರೆ ಹೊಸ ನೀರು ಸೇರುತ್ತಿದೆಯೆಂದು, ಎಂದರೆ ಎಲ್ಲೋ ಸೋರುತ್ತಿದೆಯೆಂದು ಅರ್ಥ. ಸುಣ್ಣ ತೆಗೆಸುವ ಮುನ್ನ ಸೋರಿಕೆ ಹುಡುಕಿಸಬೇಕು. ತುಕ್ಕಿನ ಕೆಸರು ತುಂಬಿಕೊಂಡೋ ಪಂಪು ಸೋತೋ ನೀರಿನ ಓಟ ನಿಧಾನವಾದರೂ ಇದೇ ಸದ್ದು ಬರುತ್ತದೆ.

ಮೂರನೆಯ ಸದ್ದು: ಆವಿಯ ಕೊಳವೆಯ ಸಿಡಿಲು

ಇದು ನಾಲ್ಕರಲ್ಲಿ ಭಯಂಕರವಾದುದು. ಆವಿಯಿಂದ ಬಿಸಿಯಾಗುವ ಹಳೆಯ ಕಟ್ಟಡಗಳಲ್ಲಿ ಮಾತ್ರ ಬರುತ್ತದೆ. ತಣಿದ ಆವಿ ನೀರಾಗಿ ಬಾಯ್ಲರಿಗೆ ಹಿಂದಿರುಗಲು ಕೊಳವೆಗೆ ಇಳಿಜಾರು ಇರಬೇಕು. ಕಟ್ಟಡ ಕುಸಿದೋ ಕೊಳವೆ ಜೋತೋ ಇಳಿಜಾರು ಕೆಟ್ಟರೆ ಅಲ್ಲಲ್ಲಿ ನೀರು ನಿಲ್ಲುತ್ತದೆ. ಮೇಲೆ ವೇಗವಾಗಿ ಸಾಗುವ ಆವಿ ಆ ನೀರಿನಲ್ಲಿ ಅಲೆ ಎಬ್ಬಿಸುತ್ತದೆ, ಅಲೆ ಕೊಳವೆಯನ್ನೇ ಮುಚ್ಚುತ್ತದೆ. ಹೀಗೆ ಸೆರೆಯಾದ ಆವಿ ತಣ್ಣೀರನ್ನು ಮುಟ್ಟಿ ಕ್ಷಣದಲ್ಲಿ ನೀರಾಗುತ್ತದೆ. ಆವಿಯು ನೀರಾದಾಗ ಅದರ ಗಾತ್ರ ಸುಮಾರು ಸಾವಿರದ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಶೂನ್ಯದೊಳಕ್ಕೆ ನೀರಿನ ಮುದ್ದೆ ಗುಂಡಿನಂತೆ ನುಗ್ಗುತ್ತದೆ. ಕೆಟಲಿನ ಗುಳ್ಳೆಯೇ ಇಲ್ಲಿ ರಾಕ್ಷಸಾಕಾರ ತಾಳುತ್ತದೆ.

ನ್ಯೂಯಾರ್ಕ್ ನಗರದಲ್ಲಿ 1882ರಿಂದಲೂ ರಸ್ತೆಯಡಿಯ ಕೊಳವೆಗಳಲ್ಲಿ ಆವಿಯನ್ನು ಕಟ್ಟಡಗಳಿಗೆ ಹಂಚುವ ವ್ಯವಸ್ಥೆಯಿದೆ. 2007ರ ಜುಲೈ 18ರ ಸಂಜೆ, ಜನ ಕಚೇರಿ ಬಿಟ್ಟು ಮನೆಗೆ ಹೊರಟ ಹೊತ್ತಿನಲ್ಲಿ, 41ನೆಯ ಬೀದಿ ಮತ್ತು ಲೆಕ್ಸಿಂಗ್ಟನ್ ಅವೆನ್ಯೂ ಕೂಡುವಲ್ಲಿ 1924ರಲ್ಲಿ ಹಾಕಿದ್ದ ಆವಿಯ ಕೊಳವೆ ಸಿಡಿಯಿತು. ಆವಿಯೂ ಕೆಸರೂ ಆಕಾಶಕ್ಕೆ ಚಿಮ್ಮಿದವು. ಮತ್ತೊಂದು ಭಯೋತ್ಪಾದಕ ದಾಳಿಯೆಂದು ಜನ ಓಡಿದರು. ಒಬ್ಬರು ಹೃದಯಾಘಾತದಿಂದ ಸತ್ತರು, ನಲವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ತನಿಖೆಯಲ್ಲಿ ಕಾರಣ ಹೊರಬಂತು. ಆ ದಿನ ಮಳೆನೀರು ಕೊಳವೆಯನ್ನು ತಣಿಸಿ, ಒಳಗೆ ಬಹಳ ಆವಿ ನೀರಾಗಿತ್ತು. ಆ ನೀರನ್ನು ಹೊರಹಾಕಬೇಕಾದ ಸಾಧನಗಳು, ಹಿಂದೊಮ್ಮೆ ಸೋರಿಕೆ ಮುಚ್ಚಲು ಬಳಸಿದ್ದ ಅಂಟಿನಿಂದಲೇ ಕಟ್ಟಿಕೊಂಡಿದ್ದವು. ಒಂದು ದೋಷವನ್ನು ಮುಚ್ಚಲು ಹೋಗಿ ಇನ್ನೊಂದಕ್ಕೆ ದಾರಿಯಾಗಿತ್ತು. ಸದ್ದನ್ನು ಅಡಗಿಸುವುದೇ ಬೇರೆ, ಕಾರಣವನ್ನು ಕಳೆಯುವುದೇ ಬೇರೆ ಎಂಬ ಪಾಠವನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದ ಘಟನೆ ವಿರಳ.

ನಾಲ್ಕನೆಯ ಸದ್ದು: ಲೋಹದ ಟಿಕ್ ಟಿಕ್

ಇದು ನಿರಪಾಯಕಾರಿ. ಹತ್ತು ಮೀಟರ್ ಉದ್ದದ ತಾಮ್ರದ ಕೊಳವೆ 60 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮರದ ತೊಲೆಯ ಬಿಗಿಯಾದ ರಂಧ್ರದಲ್ಲಿ ಅದು ಜಾರಲಾರದೆ ತಡೆದು ತಡೆದು ಜಿಗಿಯುತ್ತದೆ. ಬಿಸಿಯಾಗುವಾಗ ಟಿಕ್ ಟಿಕ್, ತಣಿಯುವಾಗ ಮತ್ತೆ ಟಿಕ್ ಟಿಕ್. ರೈಲುಹಳಿಗಳ ನಡುವೆ ಏಕೆ ಸಂದು ಬಿಡುತ್ತಿದ್ದರೆಂದು ಕಲಿತ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ರಂಧ್ರವನ್ನು ಹಿಗ್ಗಿಸಿ ಮೆತ್ತನೆಯ ಪಟ್ಟಿ ಇಟ್ಟರೆ ಸಾಕು.

ಪರೀಕ್ಷೆ ಹೇಗೆ?

"ಎಲ್ಲಿಂದ ಸದ್ದು?" ಎಂದು ಗೋಡೆಗೆ ಕಿವಿಯಿಟ್ಟು ಹುಡುಕುವುದು ವ್ಯರ್ಥ. ಲೋಹ ಸದ್ದನ್ನು ಮನೆಯೆಲ್ಲ ಒಯ್ಯುತ್ತದೆ. "ಯಾವಾಗ ಸದ್ದು?" ಎಂದು ಕೇಳಿಕೊಳ್ಳಿ. ಮೂರು ದಿನ ಗಡಿಯಾರ ನೋಡಿ ಬರೆದಿಡಿ.

ನಲ್ಲಿ ಅಥವಾ ಯಂತ್ರ ನಿಂತ ಕ್ಷಣದಲ್ಲಿ ಒಂದೇ ಏಟು ಬಿದ್ದರೆ ಜಲಾಘಾತ. ಕೊಳವೆಯನ್ನು ಭದ್ರವಾಗಿ ಕಟ್ಟಿಸಿ, ಏಟು ನುಂಗುವ ಸಾಧನ ಹಾಕಿಸಿ. ಹಿಂದಿನವರು ಇದಕ್ಕಾಗಿ ತುದಿ ಮುಚ್ಚಿದ ತುಂಡು ಕೊಳವೆಯಲ್ಲಿ ಗಾಳಿ ಹಿಡಿದಿಡುತ್ತಿದ್ದರು. ಆ ಗಾಳಿ ಕ್ರಮೇಣ ನೀರಿನಲ್ಲಿ ಕರಗಿಹೋಗುವುದರಿಂದ, ವರ್ಷಗಟ್ಟಲೆ ಸುಮ್ಮನಿದ್ದ ಹಳೆಯ ಮನೆ ಒಮ್ಮೆ ಬಡಿಯತೊಡಗುವುದುಂಟು. ಕೊಳವೆಯ ನೀರನ್ನೆಲ್ಲ ಬರಿದು ಮಾಡಿ ಮತ್ತೆ ತುಂಬಿದರೆ ಗಾಳಿ ಮರಳುತ್ತದೆ. ಬಿಸಿನೀರಿನ ಸುತ್ತಿನಲ್ಲಿ ಕವಾಟವನ್ನು ಹರಿವಿನ ದಿಕ್ಕಿಗೆ ವಿರುದ್ಧವಾಗಿ ಕೂರಿಸಿದ್ದರೂ ಅದು ಬಡಿದುಕೊಳ್ಳುತ್ತದೆ. ಅದರ ಮೈಮೇಲಿನ ಬಾಣದ ಗುರುತನ್ನು ನೋಡಿ.

ಉರಿ ಇರುವಷ್ಟು ಹೊತ್ತೂ ಗುಡುಗುಡು ಎಂದರೆ ಸುಣ್ಣವೋ ಕೆಸರೋ ಸೋತ ಪಂಪೋ ಇರಬೇಕು. ಗುಳುಗುಳು ಎಂದು ನೀರಾಡಿದ ಸದ್ದಾದರೆ ಗಾಳಿ ಸೇರಿದೆ, ರೇಡಿಯೇಟರಿನ ತಿರುಪು ಸಡಿಲಿಸಿ ಗಾಳಿ ಬಿಡಿ. ಆವಿಯ ರೇಡಿಯೇಟರ್ ಬಡಿದರೆ, ಒಂದೇ ಕೊಳವೆಯ ಪದ್ಧತಿಯಲ್ಲಿ ಕವಾಟ ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು, ಅರ್ಧ ತೆರೆಯಬಾರದು. ಕವಾಟದ ಕಡೆಗೆ ಇಳಿಜಾರಾಗುವಂತೆ ಎದುರು ತುದಿಯ ಕಾಲುಗಳ ಕೆಳಗೆ ಮರದ ಚಕ್ಕೆಯಿಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಮೇಷ್ಟರ ಧ್ವನಿಯಲ್ಲೇ ಹೇಳುತ್ತೇನೆ. ಗುಡುಗುಡು ಸದ್ದಿನ ಜೊತೆಗೆ ರಕ್ಷಣಾ ಕವಾಟದಿಂದ ಬಿಸಿನೀರೋ ಆವಿಯೋ ಚಿಮ್ಮುತ್ತಿದ್ದರೆ, ನಲ್ಲಿಯಲ್ಲಿ ಬರುವ ನೀರು ಎಂದಿಗಿಂತ ಹೆಚ್ಚು ಸುಡುತ್ತಿದ್ದರೆ, ಮೊದಲು ವಿದ್ಯುತ್ತನ್ನೋ ಅನಿಲವನ್ನೋ ನಿಲ್ಲಿಸಿ, ಆಮೇಲೆ ಕೆಲಸ ಬಲ್ಲವರನ್ನು ಕರೆಯಿರಿ. ಶಾಖನಿಯಂತ್ರಕ ಕೆಟ್ಟಿರಬಹುದು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಇರುತ್ತದೆ. ತೊಟ್ಟಿ ಒಡೆದ ಕ್ಷಣ ಅದರಲ್ಲಿ ಒಂದು ಪಾಲು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ತೊಟ್ಟಿಕ್ಕುತ್ತದೆಂದು ರಕ್ಷಣಾ ಕವಾಟವನ್ನು ಮುಚ್ಚಿಸುವ ಕೆಲಸವನ್ನು ಮಾತ್ರ ಎಂದಿಗೂ ಮಾಡಬೇಡಿ. ಊರಿನ ಗೀಸರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಗಡಿಯಾರದವನು, ಕಾಗದದ ಕಾರ್ಖಾನೆಯವನು, ಪ್ರಾಧ್ಯಾಪಕರು – ಇವರಾರೂ ಸದ್ದಿಗೆ ಬೆದರಲಿಲ್ಲ, ಬೇಸರಪಡಲಿಲ್ಲ. ಅದು ಯಾವಾಗ ಬರುತ್ತದೆ, ಏಕೆ ಬರುತ್ತದೆ ಎಂದು ಕೇಳಿದರು. ವಿಜ್ಞಾನವೆಂದರೆ ಇಷ್ಟೇ ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಹೇಳಿದವನು ನಾನು. ನಿಮ್ಮ ಮನೆಯ ಮಕ್ಕಳು ರಾತ್ರಿ ಸದ್ದಿಗೆ ಹೆದರಿ ಎದ್ದರೆ "ಏನಿಲ್ಲ, ಮಲಗು" ಎನ್ನುವ ಬದಲು, ಮರುದಿನ ಅವರ ಕೈಗೊಂದು ಪೆನ್ಸಿಲು, ಒಂದು ನೋಟುಪುಸ್ತಕ ಕೊಟ್ಟು ವೇಳೆ ಬರೆಯಲು ಹೇಳಿ. ಅವರು ಕಂಡುಕೊಂಡದ್ದನ್ನು ನನಗೂ ತಿಳಿಸಿದರೆ ಸಂತೋಷಪಡುತ್ತೇನೆ.